ಎಐ ರೋಗಿಯ ಬಾಯಲ್ಲಿ ಕಲಬುರಗಿ ಮಾತು: ಹಿಸ್ಟರಿ ಕೇಳುವ ತರಬೇತಿ ಹೀಗೆ ಮಾಡಿ

ರೋಗಿಯ ಕಾಯಿಲೆಯ ವಿವರ (ಹಿಸ್ಟರಿ) ಕೇಳುವುದನ್ನು ಕಲಿಯಲು ಚಾಟ್‌ಬಾಟಿಗೆ ರೋಗಿಯ ಪಾತ್ರ ಕೊಡಬಹುದು. ಅದು ಒಳ್ಳೆಯ ರೋಗಿ, ನಂಬಲಾಗದ ಮೇಷ್ಟ್ರು. ಕಲಬುರಗಿ, ಬೀದರ್, ಯಾದಗಿರಿಯ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಹೊರಜಿಲ್ಲೆಯ ವಿದ್ಯಾರ್ಥಿಗಳೂ ಓದುತ್ತಾರೆ. 'ಜೀವ ಕಸಿವಿಸಿ ಆಗ್ಲಿಕತ್ತದ್ರಿ' ಎಂದು ರೋಗಿ ಅಂದರೆ ಕೇಸ್‌ಶೀಟಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅವರ ಪೆನ್ನು ನಿಲ್ಲುತ್ತದೆ. ಎಐ ಬೇಕಿರುವುದು ಅಲ್ಲಿಗೆ.

ಮೊದಲು ಕೇಸನ್ನು ನೀವೇ ಬರೆಯಿರಿ, ಎಐಗೆ ಬರೆಯಲು ಬಿಡಬೇಡಿ. ಒಂದು ಮಾದರಿ: 38 ವರ್ಷದ ಕೂಲಿ ಹೆಂಗಸು, ತೊಗರಿ ಹೊಲದ ಜೋಪಡಿಯಲ್ಲಿ ನೆಲದ ಮೇಲೆ ಮಲಗಿದ್ದಳು. ನಸುಕಿನಲ್ಲಿ ಹೊಟ್ಟೆನೋವು, ಎರಡು ಸಲ ವಾಂತಿ. ಈಗ ರೆಪ್ಪೆ ಜೋತುಬಿದ್ದಿವೆ, ನುಂಗಲು ಕಷ್ಟ. ಹಾವು ಕಂಡಿಲ್ಲ, ಗಾಯವೂ ಇಲ್ಲ. ಇದು ಕಟ್ಟುಹಾವಿನ ಕಡಿತ. ಇದರ ಕಡಿತ ಬಹುಪಾಲು ನೋಯುವುದಿಲ್ಲ, ಗುರುತೂ ಕಾಣದೆ ಹೋಗಬಹುದು. ಹಾಗಾಗಿ ಗ್ಯಾಸ್ಟ್ರಿಕ್ ಎಂದು ಮನೆಗೆ ಕಳಿಸುವ ಅಪಾಯ ಇದ್ದೇ ಇದೆ. 'ರಾತ್ರಿ ಎಲ್ಲಿ ಮಲಗಿದ್ರಿ?' ಎಂದು ಕೇಳಿದವನೇ ಪಾಸು.

ಕೇಸಿನ ಕೆಳಗೆ ಈ ನಿಯಮಗಳನ್ನು ಸೇರಿಸಿ ಚಾಟ್‌ಬಾಟಿಗೆ ಕೊಡಿ:

'ನೀನು ಈ ರೋಗಿ. ಕೇಳಿದ್ದಕ್ಕಷ್ಟೇ ಒಂದೆರಡು ವಾಕ್ಯದಲ್ಲಿ ಉತ್ತರಿಸು. ಮಲಗಿದ ಜಾಗದ ವಿಷಯ ನೇರವಾಗಿ ಕೇಳದೆ ಹೇಳಬೇಡ. ಕೇಸಿನಲ್ಲಿ ಇಲ್ಲದ್ದನ್ನು ಕೇಳಿದರೆ "ಇಲ್ರಿ" ಅನ್ನು. ರೋಗದ ಹೆಸರು, ವೈದ್ಯಕೀಯ ಪದ ಬಳಸಬೇಡ. ಕೆಳಗಿನ ವಾಕ್ಯಗಳ ಧಾಟಿಯಲ್ಲೇ ಮಾತಾಡು.'

ಆ ವಾಕ್ಯಗಳು ಹದಿನೈದಾದರೂ ಇರಲಿ: 'ಹೊಟ್ಟಿ ಭಾಳ ನೋಯ್ಲಿಕತ್ತದ್ರಿ', 'ಕಣ್ಣ ತಾನೇ ಮುಚ್ಚಿ ಬರ್ಲಿಕತ್ತಾವ', 'ನೀರ್ ಕುಡದ್ರ ಗಂಟಲ್ದಾಗ ಇಳಿವಲ್ದು'. 'ಕಲಬುರಗಿ ಕನ್ನಡದಲ್ಲಿ ಮಾತಾಡು' ಎಂದಷ್ಟೇ ಬರೆದರೆ ಪಠ್ಯಪುಸ್ತಕದ ಭಾಷೆಗೆ ನಾಲ್ಕು 'ರಿ' ಅಂಟಿಸಿ ಕೊಡುತ್ತದೆ. ವಾಕ್ಯಗಳನ್ನು ಸ್ಥಳೀಯ ಸ್ಟಾಫ್ ನರ್ಸ್ ಒಬ್ಬರಿಗೆ ಓದಿಸಿ ತಿದ್ದಿಸಿ.

ಮೂವರ ಗುಂಪು ಸಾಕು: ಒಬ್ಬರು ಪ್ರಶ್ನೆ ಕೇಳಲಿ, ಒಬ್ಬರು ಟೈಪ್ ಮಾಡಿ ಉತ್ತರ ಓದಲಿ, ಒಬ್ಬರು ಚೆಕ್‌ಲಿಸ್ಟ್ ಹಿಡಿಯಲಿ. ಎಂಟು ನಿಮಿಷ ಪ್ರಶ್ನೆ, ಆಮೇಲೆ ಚರ್ಚೆ. ಮಾತು ಉದ್ದವಾದಷ್ಟೂ ರೋಗಿ ನಿಯಮ ಮರೆತು ಗ್ರಾಂಥಿಕ ಭಾಷೆಗೆ ಜಾರುತ್ತದೆ, ಕೆಲವೊಮ್ಮೆ ತಾನೇ ಡಯಾಗ್ನೋಸಿಸ್ ಹೇಳಿಬಿಡುತ್ತದೆ. ವಾದಿಸುತ್ತ ಕೂರಬೇಡಿ, ಹೊಸ ಚಾಟ್ ತೆರೆದು ಕೇಸು, ನಿಯಮ ಎರಡನ್ನೂ ಮತ್ತೆ ಹಾಕಿ. 'ಮೂತ್ರ ಕೆಂಪಾಗಿದೆ ಅಲ್ವಾ?' ಎಂಬಂಥ ಪ್ರಶ್ನೆಗೆ ಹೌದೆಂದು ತಲೆಯಾಡಿಸುವ ಚಾಳಿಯೂ ಇದಕ್ಕಿದೆ. ಇದನ್ನು ಪೂರ್ತಿ ತಪ್ಪು ಅನ್ನಲಾರೆವು, ಹೆದರಿದ ರೋಗಿಗಳೂ ಹಾಗೇ ಮಾಡುತ್ತಾರೆ.

ರಕ್ತಪರೀಕ್ಷೆಯ ಫಲಿತಾಂಶವನ್ನು ಎಐ ಕೈಗೆ ಕೊಡಬೇಡಿ, ಲಕೋಟೆಯಲ್ಲಿಟ್ಟು ಶಿಕ್ಷಕರೇ ಕೊಡಲಿ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ 2 ಮಿ.ಲೀ. ರಕ್ತ, ಶುಚಿಯಾದ ಒಣ ಗಾಜಿನ ನಳಿಕೆ, ಅಲುಗಾಡಿಸದೆ 20 ನಿಮಿಷ, ನಂತರ ಒಮ್ಮೆ ಬಗ್ಗಿಸಿ ನೋಡುವುದು. ಪ್ಲಾಸ್ಟಿಕ್ ನಳಿಕೆಯಲ್ಲಿ ಅಥವಾ ಸೋಪಿನ ಅಂಶ ಉಳಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ, ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವ ಮಂಡಲದ ಹಾವಿನ ಕಡಿತದಂತೆ ಕಾಣಬಹುದು. ನಮ್ಮ ಕೇಸಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಏಕೆಂದರೆ ಕಟ್ಟುಹಾವಿನ ವಿಷ ಬೀಳುವುದು ನರಗಳ ಮೇಲೆ. 'ಹೆಪ್ಪುಗಟ್ಟಿದೆ, ವಿಷ ಏರಿಲ್ಲ' ಎಂದು ಬರೆದವರನ್ನು ಅಲ್ಲೇ ನಿಲ್ಲಿಸಿ, ರೆಪ್ಪೆ ಮತ್ತೆ ನೋಡಲು ಹೇಳಿ.

ಚಿಕಿತ್ಸೆಯನ್ನು ಎಐ ಕೇಳಿ ಕಲಿಯುವುದು ಬೇಡ. ಮಕ್ಕಳಿಗೆ ತೂಕ ನೋಡಿ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಡೋಸ್ ಇಳಿಸಿ ಹೇಳಿದರೂ ಹೇಳಬಹುದು. ಹಾವು ಬಿಟ್ಟ ವಿಷ ಮಗುವಿಗೆಂದು ಕಡಿಮೆಯಾಗಿರುವುದಿಲ್ಲ; ಆದ್ದರಿಂದ ಡೋಸ್ ದೊಡ್ಡವರಷ್ಟೇ.

ವಾರ್ಡಿನ ನಿಜವಾದ ಕೇಸ್‌ಶೀಟನ್ನು ಯಾವತ್ತೂ ಪೇಸ್ಟ್ ಮಾಡಬೇಡಿ. ಹೆಸರು ಅಳಿಸಿದರೆ ಸಾಲದು: ಊರು, ವಯಸ್ಸು, ಕಡಿದ ದಿನ ಈ ಮೂರೇ ಸಾಕು, ಸಣ್ಣ ಹಳ್ಳಿಯಲ್ಲಿ ಯಾರೆಂದು ತಿಳಿಯಲು.

ಧ್ವನಿ ಮೋಡ್ ಬಳಸುವುದಾದರೆ ಮೊದಲು ನೀವೇ ಕೇಳಿ ನೋಡಿ. 'ಬರ್ಲಿಕತ್ತದ' ಎಂಬುದನ್ನು ಮುರಿದು ಓದಿದರೆ ಧ್ವನಿ ಮೋಡ್ ಬಂದ್ ಮಾಡಿ, ಈ ಭಾಗದ ವಿದ್ಯಾರ್ಥಿಯಿಂದಲೇ ಓದಿಸಿ.