ಬಟ್ಟೆ ಹಗ್ಗ ನೋಡಿ ಲೆಕ್ಕ ಹಾಕಿದ್ದು

ಮಂಗಳೂರಿಗೆ ದುಡಿಯಲು ಬಂದವರು ಎಲ್ಲೆಲ್ಲಿ ಇದ್ದಾರೆ ಅನ್ನುವುದು ನನ್ನ ಎಂ.ಎ. ಪ್ರಾಜೆಕ್ಟ್. ಪಾಲಿಕೆಯಲ್ಲಿ 60 ವಾರ್ಡ್. 2011ರ ಜನಗಣತಿಯಲ್ಲಿ ವಾರ್ಡಿಗೆ ಎಷ್ಟು ಗಂಡಸರು, ಎಷ್ಟು ಹೆಂಗಸರು, 6 ವರ್ಷದೊಳಗಿನ ಮಕ್ಕಳೆಷ್ಟು ಅಂತ ಇತ್ತು. ಯಾರು ಎಲ್ಲಿಂದ ಬಂದವರು ಅಂತ ಮಾತ್ರ ನನಗೆ ವಾರ್ಡ್‌ವಾರು ಸಿಗಲಿಲ್ಲ. ಸರಿ, ನಾಲ್ಕು ಕಡೆ ಆರಿಸಿಕೊಂಡು ನಾನೇ ಮನೆ ಮನೆ ತಿರುಗಿದೆ.

ಮೊದಲ ಸಲ ಎಡವಟ್ಟಾಯಿತು. ಜೂನ್‌ನಲ್ಲಿ ದಕ್ಕೆ, ಅಂದರೆ ಮೀನುಗಾರಿಕೆ ಬಂದರಿನ ಹತ್ತಿರದ ರೂಮುಗಳಿಗೆ ಹೋದರೆ ಎಲ್ಲದಕ್ಕೂ ಬೀಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನಿಗೆ ಕಡಲಿಗೆ ಇಳಿಯುವಂತಿಲ್ಲ, ಬೋಟಿನಲ್ಲಿ ದುಡಿಯುವ ಹುಡುಗರೆಲ್ಲ ಊರಿಗೆ ಹೋಗಿದ್ದರು. ಇಲ್ಲೇ ಹುಟ್ಟಿ ಬೆಳೆದವಳಿಗೆ ಇಷ್ಟೂ ಹೊಳೆಯಲಿಲ್ಲ!

ಸೆಪ್ಟೆಂಬರ್‌ನಲ್ಲಿ ಮತ್ತೆ ಹೋದೆ. ಒಂದು ರೂಮಿನ ಬಾಗಿಲಲ್ಲಿ ಹನ್ನೊಂದು ಜೊತೆ ಚಪ್ಪಲಿ, ಹಗ್ಗದ ತುಂಬ ಬರ್ಮುಡಾ, ಟೀಶರ್ಟು, ಹುಡುಕಿದರೂ ಒಂದು ಸೀರೆ ಇಲ್ಲ, ಮಗುವಿನ ಚಡ್ಡಿ ಇಲ್ಲ. ಘಟ್ಟದ ಮೇಲಿಂದ ಕಟ್ಟಡದ ಕೆಲಸಕ್ಕೆ ಬಂದವರ ಶೆಡ್ಡುಗಳಲ್ಲಿ ಇದರ ಉಲ್ಟಾ, ಗಂಡ ಹೆಂಡತಿ ಮಕ್ಕಳು ಎಲ್ಲ ಒಟ್ಟಿಗೆ. ನರ್ಸಿಂಗ್ ಹುಡುಗಿಯರದ್ದು ಮತ್ತೊಂದು ಬೀದಿ. ತಾನಾಗಿ ಹೀಗೆ ಆದದ್ದಲ್ಲ. ಬಾಡಿಗೆ ಮನೆಯ ಅಮ್ಮ ಒಬ್ಬರು ಹೇಳಿಯೇಬಿಟ್ಟರು, "ಫ್ಯಾಮಿಲಿ ಆದ್ರೆ ಕೊಡುವ ಮಾರಾಯ್ತಿ, ಬ್ಯಾಚುಲರ್ಸ್‌ಗೆ ಇಲ್ಲ."

ಲೆಕ್ಕಕ್ಕೆ ಬಳಸಿದ್ದು 1955ರಲ್ಲಿ ಸಮಾಜಶಾಸ್ತ್ರಜ್ಞರಾದ ಓಟಿಸ್ ಡಡ್ಲಿ ಡಂಕನ್, ಬೆವರ್ಲಿ ಡಂಕನ್ ಬರೆದ ಮೇಲೆ ಎಲ್ಲರೂ ಹಿಡಿದ ಸೂಚ್ಯಂಕ, ಎರಡು ಗುಂಪಿನವರು ಎಷ್ಟು ಬೇರೆ ಬೇರೆ ಕಡೆ ಇದ್ದಾರೆ ಅಂತ ಅಳೆಯುವುದು. ಸುಲಭ ಇದೆ. ಎರಡೇ ಬೀದಿ ಅಂದುಕೊಳ್ಳಿ. ಬಂದ ಹುಡುಗರಲ್ಲಿ 100ಕ್ಕೆ 60 ಮಂದಿ ಮೊದಲನೆಯದರಲ್ಲಿ, 40 ಎರಡನೆಯದರಲ್ಲಿ, ಊರವರು 10 ಮತ್ತು 90. ವ್ಯತ್ಯಾಸ 50, 50. ಕೂಡಿಸಿ ಅರ್ಧ ಮಾಡಿದರೆ 50. ಅಂದರೆ ಹಂಚಿಕೆ ಊರವರ ಹಾಗೆ ಆಗಬೇಕಾದರೆ ನೂರರಲ್ಲಿ ಐವತ್ತು ಹುಡುಗರು ಮನೆ ಬದಲಿಸಬೇಕು.

ಬಂದವರನ್ನೆಲ್ಲ ಒಂದೇ ಗುಂಪು ಮಾಡಿದಾಗ ಅಂಥ ದೊಡ್ಡ ಅಂಕಿ ಬರಲಿಲ್ಲ, ಯಾಕೆಂದರೆ ಶೆಡ್ಡಿನ ಸಂಸಾರ, ಹಾಸ್ಟೆಲ್ ಹುಡುಗಿಯರು, ದಕ್ಕೆ ಹುಡುಗರು ಬೇರೆ ಬೇರೆ ಬೀದಿಗಳಲ್ಲಿದ್ದು ಒಬ್ಬರ ಗುಂಪನ್ನು ಇನ್ನೊಬ್ಬರು ಮರೆ ಮಾಡುತ್ತಿದ್ದರು. 18ರಿಂದ 30ರ ಗಂಡಸರನ್ನು ಬೇರೆ ತೆಗೆದೆ ನೋಡಿ, ಅಂಕಿ ಏರಿತು. ಎಲ್ಲಕ್ಕಿಂತ ಜಾಸ್ತಿ ಬಂದದ್ದು 50 ದಾಟಿದ ಹೆಂಗಸರದ್ದು. ಖುಷಿಯಾಯಿತು. ಆಮೇಲೆ ನೋಡಿದರೆ ಒಟ್ಟು ಏಳೇ ಜನ. ಗುಂಪು ಇಷ್ಟು ಚಿಕ್ಕದಾದರೆ ಸುಮ್ನೆ ಆಕಸ್ಮಿಕವಾಗಿಯೇ ಅಂಕಿ ಮೇಲೆ ಹೋಗುತ್ತದೆ. ಆ ಸಾಲು ತೆಗೆದುಹಾಕಿದೆ. ವೈವಾದಲ್ಲಿ ಮೊದಲ ಪ್ರಶ್ನೆಯೇ, "ವಯಸ್ಸಾದ ಹೆಂಗಸರು ಎಲ್ಲಿದ್ದಾರಮ್ಮ?"