ಬಟ್ಟೆಯ ಹಿಂಬದಿಯಿಂದ ಬಂದ ಕಥೆ

ಉಕ್ರೇನಿನ ಪೊಡಿಲ್ಯಾ ಸೀಮೆಯ ಒಂದು ಹಳ್ಳಿಯಲ್ಲಿ, ಜೀತಪದ್ಧತಿಯ ಕೊನೆಯ ಚಳಿಗಾಲವಾದ 1860-61ರಲ್ಲಿ, ತನ್ನ ಮದುವೆಯ ಅಂಗಿಯ ತೋಳಿಗೆ ಕಸೂತಿ ಹಾಕುವ ಹುಡುಗಿಯೊಬ್ಬಳ ಸಣ್ಣಕಥೆಯನ್ನು ನಾನು ಬರೆಯಲು ಹೊರಟೆ. ಮೊದಲ ಕರಡಿನಲ್ಲಿ ಆಕೆ ಕೆಂಪು-ಕಪ್ಪು ಗುಲಾಬಿಗಳನ್ನು ನಮ್ಮ ಮೆಂತಿ ಹೊಲಿಗೆಯಂಥ ಅಡ್ಡಹೊಲಿಗೆಯಲ್ಲಿ ಹಾಕುತ್ತಿದ್ದಳು. ವಿಶಿವಾಂಕಾ, ಅಂದರೆ ಉಕ್ರೇನಿನ ಕಸೂತಿ ಅಂಗಿ, ಎಂದೊಡನೆ ಕಣ್ಣಿಗೆ ಕಟ್ಟುವುದೇ ಆ ಗುಲಾಬಿ. ಆದರೆ ಅದು ಹಳ್ಳಿಗಳಿಗೆ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಅಚ್ಚಾದ ಮಾದರಿಗಳ ಮೂಲಕ. ಸೋಪಿನ ಜೊತೆಗೆ ಅಂಥ ಮಾದರಿಗಳನ್ನು ಹಂಚಿ ಆ ಗುಲಾಬಿಗೆ ತನ್ನ ಹೆಸರನ್ನೇ ಉಳಿಸಿಹೋದ ಮಾಸ್ಕೋದ ಬ್ರೊಕಾರ್ ಕಂಪನಿ ಹುಟ್ಟಿದ್ದು 1864ರಲ್ಲಿ. ಕರಡನ್ನು ಬದಿಗಿಟ್ಟೆ.

ಆಮೇಲೆ ಆರಿಸಿಕೊಂಡದ್ದು ನಿಜಿಂಕಾ ಎಂಬ ಹೊಲಿಗೆ. ಇದರಲ್ಲಿ ಬಟ್ಟೆಯ ಎಳೆಗಳನ್ನು ಎಣಿಸುತ್ತಾ, ಹಿಂಬದಿಯಿಂದಲೇ, ವಿನ್ಯಾಸದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲುಸಾಲಾಗಿ ಕಪ್ಪು ದಾರವನ್ನು ಓಡಿಸುತ್ತಾರೆ. ಮುಂಬದಿಯಲ್ಲಿ ಉಳಿಯುವ ಖಾಲಿ ಜಾಗಗಳಿಗೆ ಬಣ್ಣ ತುಂಬುವುದು ಅದರ ನಂತರ. ಧಾರವಾಡದ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಹಾಕಿ ಪಳಗಿದ ನನಗೆ ಎಳೆ ಎಣಿಸುವುದು ಹೊಸದಲ್ಲ, ಆದರೆ ಗವಂತಿ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಇಲ್ಲಿ ಹಾಕುವವಳ ಕಣ್ಣಿಗೆ ಕಾಣುವುದು ವಿನ್ಯಾಸದ ಬೆನ್ನು ಮಾತ್ರ.

ಇದನ್ನು ಓದಿ ತಿಳಿದರೆ ಸಾಲದೆನಿಸಿ ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಒಂದು ತುಂಡು ತಂದು ಕೂತೆ. ಆರನೆಯ ಸಾಲು ಮುಗಿಸಿ ತಿರುಗಿಸಿದಾಗ ವಜ್ರಾಕೃತಿಯ ಎಡ ಮೂಲೆ ಮುರಿದಿತ್ತು; ಎರಡನೆಯ ಸಾಲಿನಲ್ಲೇ ಒಂದು ಎಳೆ ತಪ್ಪಿ, ಮುಂದಿನ ನಾಲ್ಕೂ ಸಾಲುಗಳು ಆ ತಪ್ಪನ್ನೇ ನಂಬಿಕೊಂಡು ಹೋಗಿದ್ದವು. ಅಷ್ಟನ್ನೂ ಬಿಚ್ಚಿ ಮತ್ತೆ ಹಾಕಿ, ಅಂಗೈ ಅಗಲದ ಪಟ್ಟಿ ಮುಗಿಸಲು ನನಗೆ ಮೂರು ಸಂಜೆ ಹಿಡಿಯಿತು. ಕಥೆಯ ಕಾಲಮಾನ ನನಗೆ ಸಿಕ್ಕಿದ್ದು ಹೀಗೆ: ಹಗಲೆಲ್ಲ ಧಣಿಯ ಮನೆಯಲ್ಲಿ ದುಡಿದು ಬರುವ ಹುಡುಗಿಗೆ ಎರಡು ತೋಳುಗಳೆಂದರೆ ಇಡೀ ಚಳಿಗಾಲ.

ನಿರೂಪಣೆಯನ್ನೂ ಹಿಂಬದಿಗೇ ಕಟ್ಟಿದೆ. ರಷ್ಯಾದ ಚಕ್ರವರ್ತಿ ಹೊರಡಿಸಿದ, 1861ರ ಫೆಬ್ರುವರಿ 19ರ ಜೀತವಿಮೋಚನೆಯ ಘೋಷಣೆ ಕಥೆಯೊಳಗೆ ನೇರವಾಗಿ ಬರುವುದಿಲ್ಲ. ಇಗರ್ಜಿಯಿಂದ ಮರಳುವವರ ಅರೆಬರೆ ಮಾತುಗಳಾಗಿ ಮಾತ್ರ ಹುಡುಗಿಯ ಕಿವಿಗೆ ಬೀಳುತ್ತದೆ. ಹೆಣ್ಣು ಕೇಳಲು ಬಂದವರಿಗೆ ಒಪ್ಪಿಗೆಯಾದರೆ ಕಸೂತಿಯ ರುಶ್ನಿಕ್ ವಸ್ತ್ರವನ್ನು ಹೊದಿಸಿ, ಒಪ್ಪಿಗೆಯಿಲ್ಲದಿದ್ದರೆ ಕುಂಬಳಕಾಯಿ ಕೊಟ್ಟು ಕಳುಹಿಸುವ ಪದ್ಧತಿ ಅಲ್ಲಿತ್ತು. ಆ ದೃಶ್ಯವನ್ನು ವಿಸ್ತಾರವಾಗಿ ಬರೆಯುವ ಆಸೆ ಬಹಳವಿದ್ದರೂ, ಮಂಚದ ಕೆಳಗೆ ಉರುಳಿಸಿಟ್ಟ ಕುಂಬಳಕಾಯಿಯನ್ನು ಒಮ್ಮೆ ತೋರಿಸಿ ಬಿಟ್ಟೆ.

ತಿದ್ದುವಾಗ ಹೆಚ್ಚು ಕತ್ತರಿ ಬಿದ್ದದ್ದು ಸಂಕೇತಗಳ ವಿವರಣೆಗೆ. ವಜ್ರಾಕೃತಿ ಬಿತ್ತಿದ ಹೊಲವನ್ನು ಸೂಚಿಸುತ್ತದೆ ಎಂಬಂಥ ಮಾತುಗಳನ್ನು ಕಸೂತಿಯ ಕುರಿತ ಬರಹಗಳಲ್ಲಿ ಧಾರಾಳವಾಗಿ ಓದಬಹುದು. ಆದರೆ ಎಣ್ಣೆದೀಪದ ಮುಂದೆ ಎಳೆ ಎಣಿಸುತ್ತಿರುವವಳ ಬಾಯಲ್ಲಿ ಇರುವುದು ಸಂಖ್ಯೆಗಳು. ಆದ್ದರಿಂದ ಕಥೆಯ ಕೊನೆಯಲ್ಲಿ ಬಿಡುಗಡೆಯ ಸುದ್ದಿ ಕೇಳಿ ಅವಳ ಸೂಜಿ ನಿಂತಾಗ, ತಾಯಿ ತೋಳನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, "ಇಲ್ಲಿ ಒಂದು ಎಳೆ ತಪ್ಪಿದೆ, ಬಿಚ್ಚು ಮಗಳೇ" ಎನ್ನುತ್ತಾಳೆ.