ಜಿಪಿಎಸ್ ರಿಪೀಟರ್ ಹಾಕುವವರು ಗೇನ್ ಕಡಿಮೆಯಿಂದಲೇ ಶುರು ಮಾಡಿ
ಚಾವಣಿ ಮೇಲಿನ ಆಂಟೆನಾ ಹಿಡಿದ ಉಪಗ್ರಹ ಸಿಗ್ನಲನ್ನು ಕಟ್ಟಡದ ಒಳಗೆ ಇನ್ನೊಂದು ಆಂಟೆನಾದಿಂದ ಮತ್ತೆ ಬಿಡುವ ಸಾಧನವೇ ಜಿಪಿಎಸ್ ರಿಪೀಟರ್. ಅದನ್ನು ಹಾಕಿದ್ದರೆ ಗೇನ್ (ಸಿಗ್ನಲನ್ನು ಎಷ್ಟು ಹೆಚ್ಚಿಸುತ್ತದೆ ಎಂಬ ಪ್ರಮಾಣ) ಕಡಿಮೆಯಿಂದ ಏರಿಸುತ್ತಾ ಹೋಗಿ. ರಿಸೀವರ್ ಉಪಗ್ರಹಗಳನ್ನು ಹಿಡಿದ ಕೂಡಲೇ ನಿಲ್ಲಿಸಿಬಿಡಿ. ಜಾಸ್ತಿಯಾದರೆ ಒಳಗಿನ ಆಂಟೆನಾ ಬಿಟ್ಟ ಸಿಗ್ನಲನ್ನೇ ಚಾವಣಿ ಮೇಲಿನ ಆಂಟೆನಾ ಮತ್ತೆ ಹಿಡಿಯುತ್ತದೆ. ಸ್ಪೀಕರ್ ಎದುರು ಮೈಕ್ ಹಿಡಿದರೆ ಕುಯ್ ಅನ್ನುತ್ತಲ್ವಾ, ಅದೇ ಥರ. ಹೊರಗಿನ ರಿಸೀವರ್‌ಗಳಿಗೂ ಇದರಿಂದ ತೊಂದರೆ. ನಡುವೆ ತಗಡಿನ ಚಾವಣಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಆಂಟೆನಾಗಳನ್ನೂ ಆದಷ್ಟು ದೂರ ಇಡಿ. ಸಾಧನಗಳ ಪರೀಕ್ಷೆಗೆ ಇದು ತುಂಬಾ ಚೆನ್ನ. ಒಳಗೆ ದಾರಿ ಹುಡುಕಲು ಮಾತ್ರ ಆಗುವುದಿಲ್ಲ: ನೀವು ಯಾವ ಮೂಲೆಗೆ ಹೋದರೂ ಮ್ಯಾಪಿನ ಚುಕ್ಕೆ ಚಾವಣಿ ಆಂಟೆನಾ ಇರುವಲ್ಲೇ ಕೂತಿರುತ್ತದೆ. ನಿಖರ ಸಮಯಕ್ಕೆ ಬಳಸುವವರು ಕೇಬಲ್‌ನಲ್ಲಿ ಮೀಟರಿಗೆ ಸುಮಾರು 4-5 ನ್ಯಾನೋಸೆಕೆಂಡ್ ತಡವಾಗುವುದನ್ನು ಸರಿಹೊಂದಿಸಿಕೊಳ್ಳಬೇಕು. ಹಲವು ದೇಶಗಳಲ್ಲಿ ಇದಕ್ಕೆ ಲೈಸೆನ್ಸ್ ಬೇಕು, ಕೊಳ್ಳುವ ಮೊದಲೇ ವಿಚಾರಿಸಿ.